ಆರನೇ ತರಗತಿಗೆ ನಕ್ಷೆ ಪಾಠ: ದಿಕ್ಕು, ಪ್ರಮಾಣ, ಚಿಹ್ನೆ – ಯಾವುದರಿಂದ ಶುರು ಮಾಡಲಿ?

ತುಮಕೂರು_ಸಮಾಜ:
ಮಕ್ಕಳು ಚಿಹ್ನೆಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಖಾಲಿ ನಕ್ಷೆಯಲ್ಲಿ ಕೃಷ್ಣೆ, ಕಾವೇರಿ ಗುರುತಿಸುತ್ತಾರೆ. ಅಂಗಳಕ್ಕೆ ಬಂದು ಉತ್ತರ ಎಲ್ಲಿದೆ ಎಂದರೆ ಅರ್ಧ ಮಕ್ಕಳು ಕಪ್ಪುಹಲಗೆಯ ಗೋಡೆ ತೋರಿಸುತ್ತಾರೆ, ಇಬ್ಬರು ಮೂವರು ಆಕಾಶ ತೋರಿಸುತ್ತಾರೆ! ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಒಂದು ಕೈಪಿಡಿಯಲ್ಲಿದೆ. ಆದರೆ ಜೂನ್‌ನಲ್ಲಿ 12 ಗಂಟೆಗೆ ಕೋಲು ನೆಟ್ಟರೆ ನೆರಳು ಬೀಳುವುದು ದಕ್ಷಿಣಕ್ಕೂ ನೈಋತ್ಯಕ್ಕೂ ನಡುವೆ. ಏನು ತಪ್ಪು? ಪಾಠವನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕು?

ನೆರಳುಗೋಲು:
ಮೇಡಂ, ಕೋಲು ಸರಿಯಾಗಿಯೇ ಇದೆ. ಕೈಪಿಡಿಯ ಮಾತು ವರ್ಷವಿಡೀ ನಿಜವಾಗುವುದು ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಊರುಗಳಲ್ಲಿ. ಕರ್ನಾಟಕ ಇಡೀ ಅದರ ದಕ್ಷಿಣಕ್ಕಿದೆ, ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನಡುನೆತ್ತಿಗೆ ಬರುತ್ತಾನೆ. ತುಮಕೂರಿನಲ್ಲಿ ಅದು ಏಪ್ರಿಲ್ 25 ಮತ್ತು ಆಗಸ್ಟ್ 17ರ ಆಸುಪಾಸು. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ಕ್ಕೆ ಒಂದು ಮೀಟರ್ ಕೋಲಿಗೆ ಸುಮಾರು 18 ಸೆಂ.ಮೀ. ನೆರಳು. ಕಲಬುರಗಿಯಲ್ಲಿ ಈ ಅವಧಿ ಕಡಿಮೆ, ಮೇ ಎರಡನೇ ವಾರದಿಂದ ಆಗಸ್ಟ್ ಆರಂಭದವರೆಗೆ. ನಮ್ಮ ಶಾಲೆಗಳು ತೆರೆಯುವುದೂ ಇದೇ ಅವಧಿಯಲ್ಲಿ, ಕೈಪಿಡಿ ಬರೆದವರಿಗೆ ಅದು ಹೊಳೆದಂತಿಲ್ಲ.

ಇನ್ನೊಂದು ಗಡಿಯಾರದ ತೊಡಕು. ನಮ್ಮ ಗಡಿಯಾರ ನಡೆಯುವುದು 82°30' ಪೂರ್ವ ರೇಖಾಂಶದ ಪ್ರಕಾರ. ತುಮಕೂರು ಇರುವುದು 77°06'ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 22 ನಿಮಿಷ ಹಿಂದೆ. ಜೂನ್ ನಡುವಿನಲ್ಲಿ ನಿಮ್ಮ ನಿಜವಾದ ನಡುಹಗಲು 12:22ಕ್ಕೆ. ಫೆಬ್ರವರಿ ನಡುವಿನಲ್ಲಿ 12:36ರವರೆಗೂ ಹೋಗುತ್ತದೆ, ನವೆಂಬರ್ ಮೊದಲ ವಾರ 12:05ಕ್ಕೆ ಇಳಿಯುತ್ತದೆ. ಸೂರ್ಯ ನೆತ್ತಿಯ ಹತ್ತಿರ ಇರುವಾಗ ನೆರಳು ಬಲು ಬೇಗ ತಿರುಗುವುದರಿಂದ, ಜೂನ್‌ನಲ್ಲಿ ಆ 22 ನಿಮಿಷಕ್ಕೇ 25 ಡಿಗ್ರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ.

"ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಲ್ಲಿ" ಎನ್ನುವುದೂ ಅಂದಾಜಿಗಷ್ಟೇ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವ ದಿನಗಳಲ್ಲಿ. ಜೂನ್‌ನಲ್ಲಿ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ.

ಎಲ್ಲ ಕಾಲಕ್ಕೂ ನಡೆಯುವುದು ಶಂಕುವಿನ ವಿಧಾನ. ಸಮತಟ್ಟಾದ ನೆಲದಲ್ಲಿ 50 ಸೆಂ.ಮೀ. ಕೋಲು ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ವಾಲಿಲ್ಲ ಎಂದು ಎರಡು ಕಡೆಯಿಂದ ನೋಡಿಕೊಳ್ಳಿ. ಬೆಳಿಗ್ಗೆ 10ಕ್ಕೆ ನೆರಳಿನ ತುದಿಗೆ ಗುರುತು ಹಾಕಿ, ಕೋಲಿನ ಬುಡವನ್ನು ಕೇಂದ್ರ ಮಾಡಿಕೊಂಡು ಆ ಗುರುತಿನ ಮೇಲೆ ಹಾಯುವ ವೃತ್ತ ಎಳೆಯಿರಿ. ಜೂನ್‌ನಲ್ಲಿ ತ್ರಿಜ್ಯ 35 ಸೆಂ.ಮೀ. ಆಸುಪಾಸು ಬರುತ್ತದೆ. ನೆರಳು ಒಳಗೆ ಕುಗ್ಗಿ, ಮತ್ತೆ ಬೆಳೆದು, 2:45ರ ಸುಮಾರಿಗೆ ವೃತ್ತದ ಇನ್ನೊಂದು ಕಡೆ ಮುಟ್ಟುತ್ತದೆ. 2:30ರಿಂದಲೇ ಒಬ್ಬರನ್ನು ಕಾವಲಿಗೆ ಕೂರಿಸಿ. ಮೊದಲ ಗುರುತು ಪಶ್ಚಿಮ, ಎರಡನೆಯದು ಪೂರ್ವ. ಎರಡನ್ನೂ ಸೇರಿಸುವ ಗೆರೆಯ ನಡುಬಿಂದುವಿನಿಂದ ಲಂಬ ಎಳೆದರೆ ಉತ್ತರ–ದಕ್ಷಿಣ. ಆ ಗೆರೆಯನ್ನು ಬಣ್ಣದಲ್ಲಿ ಬಳಿದುಬಿಡಿ, ವರ್ಷವಿಡೀ ಬೇಕಾಗುತ್ತದೆ. ಜೂನ್‌ನಲ್ಲಿ ಮೋಡದ ಕಾಟ, ಡಿಸೆಂಬರ್–ಜನವರಿಯಲ್ಲಿ ಮಾಡಿದರೆ ಸಲೀಸು. ನೆರಳು ಉದ್ದವಿರುತ್ತದೆ, ವೃತ್ತ ದೊಡ್ಡದಾಗುತ್ತದೆ.

ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಬೆಂಚಿನ ಮೇಲಿಟ್ಟು ನೋಡಬೇಡಿ. ಕಾಂತದ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆ ಎರಡು ಡಿಗ್ರಿಗಿಂತ ಕಡಿಮೆ, ಶಾಲೆಯ ಮಟ್ಟಕ್ಕೆ ಲೆಕ್ಕಕ್ಕಿಲ್ಲ.

ಚೌಕಳಿ ಹಾಳೆ:
ದಿಕ್ಕಿಗೂ ಮೊದಲು "ಮೇಲಿನಿಂದ ನೋಡುವುದು" ಬರಬೇಕು. ಕುರ್ಚಿಯ ನಕ್ಷೆ ಬರೆಯಿರಿ ಎಂದರೆ ನಾಲ್ಕು ಕಾಲೂ ಬರೆಯುತ್ತಾರೆ. ಡಸ್ಟರ್, ಲೋಟ, ಜಾಮಿಟ್ರಿ ಬಾಕ್ಸ್ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಆಡಿಸಿ ಎತ್ತಿಬಿಡಲಿ. ಉಳಿದ ಗೆರೆಯೇ 1:1 ನಕ್ಷೆ.

ಆಮೇಲೆ ತರಗತಿ. 6 ಮೀ. × 7 ಮೀ. ಕೋಣೆ 1:50ರಲ್ಲಿ 12 × 14 ಸೆಂ.ಮೀ., ನೋಟ್‌ಬುಕ್ ಪುಟದಲ್ಲಿ ಕೂರುತ್ತದೆ. 1:100 ಹಿಡಿದರೆ ಬೆಂಚುಗಳು ಕಡ್ಡಿಯಾಗುತ್ತವೆ. 80 × 50 ಮೀ. ಆವರಣಕ್ಕೆ 1:500. ಗೋಡೆಗಳನ್ನು ಅಳೆದೇ ಬರೆಯುತ್ತಾರೆ, ಬೆಂಚು ಮೇಜುಗಳನ್ನು ಕಣ್ಣಂದಾಜಿನಲ್ಲಿ ದೊಡ್ಡದಾಗಿ ಬರೆದು ಜಾಗ ಸಾಲದೆ ಒದ್ದಾಡುತ್ತಾರೆ. ಮೊದಲೇ 1:50ರ ಅಳತೆಗೆ ರಟ್ಟಿನ ಬೆಂಚುಗಳನ್ನು ಕತ್ತರಿಸಿಟ್ಟು ಜೋಡಿಸಲು ಕೊಡಿ.

ಹೊರಗಿನ ಅಳತೆಗೆ ನೈಲಾನ್ ಹಗ್ಗ ಬೇಡ, ಎಳೆದರೆ ಹಿಗ್ಗುತ್ತದೆ. ಹೆಜ್ಜೆ ಲೆಕ್ಕವಾದರೆ ಪ್ರತಿ ಮಗುವೂ 20 ಮೀಟರ್ ನಡೆದು ತನ್ನ ಹೆಜ್ಜೆಯನ್ನು ಲೆಕ್ಕ ಹಾಕಿಕೊಳ್ಳಲಿ: 32 ಹೆಜ್ಜೆಯಾದರೆ ಒಂದಕ್ಕೆ 62.5 ಸೆಂ.ಮೀ. ಒಬ್ಬರ ಎಣಿಕೆಯನ್ನು ಇನ್ನೊಬ್ಬರ ಹೆಜ್ಜೆಗೆ ಗುಣಿಸಿದರೆ ನಕ್ಷೆಯಲ್ಲಿ ಕಾಂಪೌಂಡಿನ ಗೆರೆ ಶುರುವಾದಲ್ಲಿಗೆ ಬಂದು ಮುಚ್ಚಿಕೊಳ್ಳುವುದೇ ಇಲ್ಲ.

ಘಟ್ಟದ ಕೆಳಗಿನವ:
ಗೋಡೆ ನಕ್ಷೆಯನ್ನು ವಾರದ ಮಟ್ಟಿಗೆ ಇಳಿಸಿ ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಿಮ್ಮ ಬಣ್ಣದ ಗೆರೆಗೆ ಹೊಂದಿಸಿ. "ಉತ್ತರ ಎಂದರೆ ಮೇಲೆ" ಎನ್ನುವುದು ತಲೆಯಲ್ಲಿ ಕೂತರೆ ನದಿಗಳೆಲ್ಲ ಉತ್ತರದಿಂದ ದಕ್ಷಿಣಕ್ಕೆ ಇಳಿಯಬೇಕು ಎಂದುಕೊಳ್ಳುತ್ತಾರೆ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ತುಂಗಭದ್ರೆ ಉತ್ತರಕ್ಕೆ, ಈಶಾನ್ಯಕ್ಕೆ ಹರಿಯುವುದನ್ನು ಬೆರಳಿಟ್ಟು ಹಿಂಬಾಲಿಸಲಿ. ಶರಾವತಿ ಪಶ್ಚಿಮಕ್ಕೆ.

ನಕ್ಷೆಯನ್ನು ಜೆರಾಕ್ಸ್‌ನಲ್ಲಿ ಕುಗ್ಗಿಸಿದರೆ ಅಥವಾ ಸ್ಮಾರ್ಟ್ ಬೋರ್ಡ್‌ನಲ್ಲಿ ತೋರಿಸಿದರೆ "1 ಸೆಂ.ಮೀ.ಗೆ ಇಷ್ಟು ಕಿ.ಮೀ." ಎಂಬ ಬರಹ ಸುಳ್ಳಾಗುತ್ತದೆ. ಗೆರೆಯ ಪ್ರಮಾಣ, ಅಂದರೆ ಕಿ.ಮೀ. ಗುರುತು ಹಾಕಿ ನಕ್ಷೆಯಲ್ಲೇ ಎಳೆದಿರುವ ಅಳತೆಗೆರೆ ಮಾತ್ರ ನಕ್ಷೆಯ ಜೊತೆಗೇ ಹಿಗ್ಗಿ ಕುಗ್ಗುತ್ತದೆ, ಅದನ್ನೇ ಬಳಸಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದು ಹಾಳೆ 15 ನಿಮಿಷ ಅಕ್ಷಾಂಶದಷ್ಟು ಎತ್ತರ, ಅಂದರೆ ಸುಮಾರು 55 ಸೆಂ.ಮೀ.; ಎ4ರಲ್ಲಿ "ಪುಟಕ್ಕೆ ಹೊಂದಿಸು" ಒತ್ತಿದರೆ ಪ್ರಮಾಣ ಹೋಯಿತು. ನಿಮ್ಮ ಊರಿನ ತುಂಡನ್ನಷ್ಟೇ ಶೇ. 100ರಲ್ಲಿ ಮುದ್ರಿಸಿ.

ಚೌಕಳಿ ಹಾಳೆ:
ಆ ಹಾಳೆ ಆರನೆಯವರಿಗೆ ಹೊರೆ. ಕಂದು ಬಣ್ಣದ ಎತ್ತರದ ಗೆರೆಗಳನ್ನು ಎಂಟನೆಯವರೆಗೂ ಮುಟ್ಟುವ ಅಗತ್ಯ ಕಾಣುವುದಿಲ್ಲ. ಗ್ರಾಮ ನಕ್ಷೆ ಸಾಕು. ಸರ್ವೆ ನಂಬರ್, ಕೆರೆ, ಬಂಡಿದಾರಿ ಮಕ್ಕಳಿಗೆ ಗೊತ್ತಿರುವವೇ.

ಘಟ್ಟದ ಕೆಳಗಿನವ:
ಎತ್ತರದ ಗೆರೆ ಬೇಡ, ಒಪ್ಪುತ್ತೇನೆ. ಆದರೆ ಕೆರೆಗೆ ನೀಲಿ, ರಸ್ತೆಗೆ ಕೆಂಪು ಎಂದು ಬಾಯಿಪಾಠ ಮಾಡಿದ್ದು ತಮ್ಮದೇ ಊರಿನ ಮೇಲೆ ಕಾಣುವುದು ಆ ಹಾಳೆಯಲ್ಲಿ ಮಾತ್ರ. ಗ್ರಾಮ ನಕ್ಷೆಯಲ್ಲಿ ಬಣ್ಣವಿಲ್ಲ.

ತುಮಕೂರು_ಸಮಾಜ:
ಎಲ್ಲರಿಗೂ ವಂದನೆಗಳು. ಇನ್ನೊಂದು: ಫೋನಿನಲ್ಲಿ ಊರಿನ ಮೇಲೆ ಬೆರಳೊತ್ತಿದರೆ 13.34, 77.10 ಎಂದು ಬರುತ್ತದೆ. ಪುಸ್ತಕದಲ್ಲಿ 13°20' ಎಂದಿದೆ. ಯಾವುದು ಸರಿ?

ನೆರಳುಗೋಲು:
ಎರಡೂ ಒಂದೇ. ಬಿಂದುವಿನ ಮುಂದಿನದು ನಿಮಿಷವಲ್ಲ, ಡಿಗ್ರಿಯ ಭಾಗ. 0.34 × 60 = 20.4, ಅಂದರೆ 13°20' ಉತ್ತರ. 0.10 × 60 = 6, ಹಾಗಾಗಿ 77°06' ಪೂರ್ವ. ಮೊದಲ ಸಂಖ್ಯೆ ಅಕ್ಷಾಂಶ, ಎರಡನೆಯದು ರೇಖಾಂಶ. ಮಕ್ಕಳು ಅದಲುಬದಲು ಮಾಡಿ 77.10, 13.34 ಎಂದು ಹುಡುಕಿದರೆ ಆರ್ಕ್ಟಿಕ್ ಸಮುದ್ರದಲ್ಲಿ ಹೋಗಿ ನಿಲ್ಲುತ್ತಾರೆ. ಒಮ್ಮೆ ಬೇಕೆಂದೇ ಹಾಗೆ ಹುಡುಕಿಸಿ, ಕ್ರಮ ಮರೆಯುವುದಿಲ್ಲ.