ಐದು ಮಹಡಿಯ ಕಚೇರಿ ಕಟ್ಟಡ: ಗಾಜು, ಚಿಲ್ಲರ್, ಬಿಎಂಎಸ್ ಬಗ್ಗೆ ಅನುಭವಸ್ಥರ ಸಲಹೆ ಬೇಕು

ಪ್ರಶ್ನೆ ಕೇಳಿದವರು:
ಕನಕಪುರ ರಸ್ತೆಯಲ್ಲಿರುವ ಕುಟುಂಬದ ನಿವೇಶನದಲ್ಲಿ ಸುಮಾರು 45,000 ಚದರಡಿಯ, ಐದು ಮಹಡಿಗಳ ಕಚೇರಿ ಕಟ್ಟಡವನ್ನು ಕಟ್ಟಿಸಲು ಹೊರಟಿದ್ದೇವೆ. ಒಂದು ಮಹಡಿ ನಮಗೆ, ಉಳಿದ ನಾಲ್ಕು ಬಾಡಿಗೆಗೆ. ರಸ್ತೆ ಇರುವುದು ಪಶ್ಚಿಮಕ್ಕೆ. ವಾಸ್ತುಶಿಲ್ಪಿಗಳು ಆ ಮುಖವನ್ನು ಪೂರ್ತಿ ಗಾಜಿನಲ್ಲಿ ಬರೆದಿದ್ದಾರೆ. ಹವಾನಿಯಂತ್ರಣದ ಸಲಹೆಗಾರರು 180 ಟನ್ನಿನ (ಟನ್ ಎಂದರೆ ಇಲ್ಲಿ ತಂಪು ಕೊಡುವ ಸಾಮರ್ಥ್ಯದ ಅಳತೆ) ವಾಟರ್ ಕೂಲ್ಡ್ ಚಿಲ್ಲರ್, ಅಂದರೆ ತನ್ನ ಶಾಖವನ್ನು ನೀರಿನ ಮೂಲಕ ಹೊರಹಾಕುವ ತಂಪಿನ ಯಂತ್ರ, ಬೇಕೆನ್ನುತ್ತಾರೆ. ಬಿಎಂಎಸ್‌ಗೆ (ಕಟ್ಟಡದ ಯಂತ್ರಗಳನ್ನು ಕಂಪ್ಯೂಟರಿನಿಂದ ನಿಯಂತ್ರಿಸುವ ವ್ಯವಸ್ಥೆಗೆ) 42 ಲಕ್ಷದ ದರಪಟ್ಟಿ ಬಂದಿದೆ. ನೌಕರರು ವಾರದಲ್ಲಿ ಎರಡು ಮೂರು ದಿನ ಮಾತ್ರ ಕಚೇರಿಗೆ ಬರುವ ಈ ಕಾಲದಲ್ಲಿ ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಬಿಡಬೇಕು? ಕಟ್ಟಿಸಿದವರು, ನಡೆಸುತ್ತಿರುವವರು ದಯವಿಟ್ಟು ತಿಳಿಸಿ.

ವೈಟ್‌ಫೀಲ್ಡ್‌ನ ಕಟ್ಟಡ ಮಾಲೀಕರು:
ನನ್ನ ಕಟ್ಟಡದ ಮುಖವೂ ಪಶ್ಚಿಮಕ್ಕೇ ಇದೆ. 2016ರಲ್ಲಿ ಕಟ್ಟಿಸುವಾಗ, ಗಾಜಿನ ಹೊದಿಕೆ ಇಲ್ಲದ ಕಟ್ಟಡವನ್ನು ಐಟಿ ಕಂಪನಿಯವರು ತಿರುಗಿಯೂ ನೋಡುವುದಿಲ್ಲ ಎಂದು ಬಾಡಿಗೆ ದಲ್ಲಾಳಿಗಳು ಪಟ್ಟು ಹಿಡಿದರು. ವಾಸ್ತುಶಿಲ್ಪಿಗಳೂ ಅವರಿಗೆ ದನಿಗೂಡಿಸಿದರು. ಅಲ್ಯೂಮಿನಿಯಂ ಚೌಕಟ್ಟೂ ಸೇರಿ ಚದರಡಿಗೆ 780 ರೂಪಾಯಿಯಂತೆ 6,000 ಚದರಡಿಗೆ 46 ಲಕ್ಷ 80 ಸಾವಿರ ಕೊಟ್ಟೆ, ತೆರಿಗೆ ಬೇರೆ. ಮೊದಲ ಬೇಸಿಗೆಯಲ್ಲೇ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಎಲ್ಲ ಮಹಡಿಗಳ ಪರದೆಗಳೂ ಕೆಳಗಿಳಿಯತೊಡಗಿದವು, ಬೆಳಕಿಗೆಂದು ಹಾಕಿಸಿದ ಗಾಜಿನ ಪಕ್ಕದಲ್ಲೇ ಸಂಜೆಯವರೆಗೆ ದೀಪಗಳು ಉರಿಯತೊಡಗಿದವು. ಮೂರನೆಯ ಮಹಡಿಯ ಮೂಲೆಯಲ್ಲಿ ಕೂರುವವರು ಮಾನಿಟರ್ ಬಂದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಗಾಜಿಗೆ ಟೇಪಿನಿಂದ ಅಂಟಿಸಿದ್ದರು. ಯಾವ ಬದಿ ಮೇಲಿರಬೇಕೆಂದು ತೋರಿಸುವ ಬಾಣದ ಗುರುತುಗಳು ರಸ್ತೆಗೆ ಕಾಣುತ್ತಿದ್ದವು.

ಮೊದಲು ಫಿಲ್ಮ್ ಹಚ್ಚಿಸಿದೆವು, 5 ಲಕ್ಷ 70 ಸಾವಿರ. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಗುಳ್ಳೆ ಎದ್ದಿತು, ಫಿಲ್ಮ್ ಹಚ್ಚಿದ ಕಾರಣಕ್ಕೆ ಗಾಜಿನ ವಾರಂಟಿಯೂ ಹೋಯಿತು. ಕೊನೆಗೆ ಗಾಜಿನ ಹೊರಗೆ ಲಂಬವಾದ ಅಲ್ಯೂಮಿನಿಯಂ ಪಟ್ಟಿಗಳನ್ನು ಹಾಕಿಸಿದ ಮೇಲೆ ಪರದೆಗಳು ಮೇಲೇರಿದವು. ಅದಕ್ಕೆ 31 ಲಕ್ಷ, ಅಟ್ಟಣಿಗೆಗೆ 2 ಲಕ್ಷ 40 ಸಾವಿರ, ಕೆಲಸದ ಗದ್ದಲಕ್ಕೆಂದು ಬಾಡಿಗೆದಾರರು ಹಿಡಿದುಕೊಂಡ ಒಂದು ತಿಂಗಳ ಬಾಡಿಗೆ. ಪಶ್ಚಿಮದ ಬಿಸಿಲು ತಗ್ಗಿನಲ್ಲಿ ನೇರವಾಗಿ ಬಂದು ಬಡಿಯುವುದರಿಂದ ಸಜ್ಜೆ ಅದನ್ನು ತಡೆಯಲಾರದು, ಒಳಗಿನ ಪರದೆಯನ್ನು ಮುಟ್ಟುವ ಹೊತ್ತಿಗೆ ಶಾಖವು ಗಾಜನ್ನು ದಾಟಿ ಬಂದಾಗಿರುತ್ತದೆ. ಉತ್ತರದ ಗೋಡೆಯನ್ನೂ ಪೂರ್ತಿ ನಂಬಬೇಡಿ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಪಶ್ಚಿಮದ ಬದಿಗೆ ಮೆಟ್ಟಿಲು, ಲಿಫ್ಟು, ಶೌಚಾಲಯಗಳನ್ನು ಇಟ್ಟು ಗಟ್ಟಿ ಗೋಡೆ ಎಬ್ಬಿಸಿ ಎಂಬುದೇ ನನ್ನ ಮಾತು. ರಸ್ತೆಯಿಂದ ಕಟ್ಟಡ ಹೇಗೆ ಕಾಣುತ್ತದೆ ಎಂಬುದನ್ನು ವಾಸ್ತುಶಿಲ್ಪಿಗಳು ಆ ಗೋಡೆಯಲ್ಲೇ ಸಾಧಿಸಲಿ.

ಹವಾನಿಯಂತ್ರಣ ಎಂಜಿನಿಯರ್, ಹಳೆ ಮದ್ರಾಸು ರಸ್ತೆ:
ಗಾಜಿನ ಮಾತು ಸರಿ. ಆದರೆ ವರ್ಷವರ್ಷವೂ ಹಣವನ್ನು ಹೀರುವುದು ಯಂತ್ರದ ಕೋಣೆ. 45,000 ಚದರಡಿಗೆ 180 ಟನ್ ಎಂದರೆ ನಿಮ್ಮ ಸಲಹೆಗಾರರು 250 ಚದರಡಿಗೆ ಒಂದು ಟನ್ ಎಂದು ಭಾಗಿಸಿ ಕೊಟ್ಟಿದ್ದಾರೆ. ಆ ಲೆಕ್ಕ ಹುಟ್ಟಿದ್ದು ತಲೆಯ ಮೇಲೆ ಟ್ಯೂಬ್‌ಲೈಟು, ಮೇಜಿನ ಕೆಳಗೆ ಡೆಸ್ಕ್‌ಟಾಪ್ ಪೆಟ್ಟಿಗೆ ಇದ್ದ ಕಾಲದಲ್ಲಿ. ಎಲ್‌ಇಡಿ ಮತ್ತು ಲ್ಯಾಪ್‌ಟಾಪ್ ಬಂದ ಮೇಲೆ ಒಳಗೆ ಹುಟ್ಟುವ ಶಾಖವೇ ಕಡಿಮೆಯಾಗಿದೆ, ಅದರ ಮೇಲೆ ಅರ್ಧ ಕುರ್ಚಿಗಳು ಖಾಲಿ.

ನಾನು ನೋಡಿಕೊಳ್ಳುವ ಕಟ್ಟಡದಲ್ಲಿ ಹಿಂದಿನ ಗುತ್ತಿಗೆದಾರರು 200 ಟನ್ನಿನ ಒಂದೇ ಯಂತ್ರವನ್ನು ಕೂರಿಸಿ ಹೋಗಿದ್ದರು. ಮಾಮೂಲಿ ದಿನಗಳಲ್ಲಿ ಅದಕ್ಕೆ 90 ಟನ್ನಿನ ಕೆಲಸವೂ ಇರುತ್ತಿರಲಿಲ್ಲ. ಸೋಮವಾರ, ಶುಕ್ರವಾರಗಳಂದು 25 ಟನ್ನಿಗೆ ಇಳಿದು, ಸ್ಕ್ರೂ ಕಂಪ್ರೆಸರ್ ನಿಂತು ಹೊರಟು, ನಿಂತು ಹೊರಟು ಸವೆದುಹೋಯಿತು. ಅದರ ದುರಸ್ತಿಗೆ 14 ಲಕ್ಷ ತೆತ್ತ ಮೇಲೆ ಮಾಲೀಕರು ನನ್ನ ಮಾತಿಗೆ ಒಪ್ಪಿ 60 ಟನ್ನಿನ ಎರಡು ಯಂತ್ರಗಳನ್ನೂ ಪಂಪುಗಳಿಗೆ ವೇಗ ಹೊಂದಿಸುವ ವಿಎಫ್‌ಡಿಯನ್ನೂ ಹಾಕಿಸಿದರು. ಪಂಪಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದು ಎಳೆಯುವ ವಿದ್ಯುತ್ತು ಲೆಕ್ಕದ ಪ್ರಕಾರ ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ಅರ್ಧ ಖಾಲಿ ಕಚೇರಿಗೆ ಇದಕ್ಕಿಂತ ಒಳ್ಳೆಯ ಹೂಡಿಕೆಯನ್ನು ನಾನು ಕಂಡಿಲ್ಲ. ನಮ್ಮ ಊರಿನ ಇನ್ಫೋಸಿಸ್‌ನವರು ಹೈದರಾಬಾದಿನ ಪೋಚಾರಂನಲ್ಲಿ ಒಂದೇ ಕಟ್ಟಡದ ಅರ್ಧಕ್ಕೆ ರೂಢಿಯ ಹವಾನಿಯಂತ್ರಣವನ್ನೂ ಇನ್ನರ್ಧಕ್ಕೆ ಕಾಂಕ್ರೀಟಿನೊಳಗೆ ತಣ್ಣೀರಿನ ಕೊಳವೆ ಹಾಯಿಸುವ ರೇಡಿಯಂಟ್ ಪದ್ಧತಿಯನ್ನೂ ಅಳವಡಿಸಿ ಅಳೆದು ನೋಡಿದಾಗ, ಎರಡನೆಯದು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ವಿದ್ಯುತ್ತನ್ನು ಬಳಸಿತ್ತು. ಯಂತ್ರ ಚಿಕ್ಕದಿರಲಿ, ವಾಟರ್ ಕೂಲ್ಡ್ ಇರಲಿ: ಒಳ್ಳೆಯ ಯಂತ್ರ ಟನ್ನಿಗೆ 0.6 ಕಿಲೋವ್ಯಾಟಿನ ಆಸುಪಾಸಿನಲ್ಲಿ ನಡೆಯುತ್ತದೆ, ಗಾಳಿಯಿಂದ ತಣಿಯುವ ಏರ್ ಕೂಲ್ಡ್ ಯಂತ್ರ ಅದರ ಹತ್ತಿರ ಹತ್ತಿರ ಎರಡು ಪಟ್ಟು ತಿನ್ನುತ್ತದೆ.

ನಿರ್ವಹಣಾ ವ್ಯವಸ್ಥಾಪಕರು, ಹೊರವರ್ತುಲ ರಸ್ತೆ:
0.6 ಕಿಲೋವ್ಯಾಟ್ ಹೇಳಿದವರು ನೀರಿನ ಲೆಕ್ಕವನ್ನೂ ಹೇಳಬೇಕಿತ್ತು. ವಾಟರ್ ಕೂಲ್ಡ್ ಯಂತ್ರದ ಬಿಸಿನೀರನ್ನು ತಣಿಸುವ ಕೂಲಿಂಗ್ ಟವರಿನಲ್ಲಿ ಒಂದು ಟನ್ನಿಗೆ ಗಂಟೆಗೆ ಆರೂವರೆ ಲೀಟರಿನಷ್ಟು ನೀರು ಆವಿಯಾಗಿ ಹೋಗುತ್ತದೆ, ಲವಣ ಹೆಚ್ಚದಂತೆ ಹೊರಬಿಡುವ ನೀರು (ಬ್ಲೋಡೌನ್) ಸೇರಿದರೆ ಎಂಟು ಲೀಟರ್. 180 ಟನ್ನಿನ ಯಂತ್ರ ಅರವತ್ತು ಶೇಕಡಾ ಹೊರೆಯಲ್ಲಿ ಹತ್ತು ಗಂಟೆ ನಡೆದರೆ ದಿನಕ್ಕೆ ಎಂಟೂವರೆ ಸಾವಿರ ಲೀಟರ್ ಗಾಳಿಪಾಲು. 2024ರ ಮಾರ್ಚಿನಲ್ಲಿ ಈ ಊರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ್ದಾಗ ನಾನು ಟವರಿಗೆ ನೀರು ಹುಡುಕುತ್ತಾ ನಿಂತಿದ್ದೆ. ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಿದ ಮೇಲೂ ಆ ದರಕ್ಕೆ ನಮ್ಮ ಗೇಟಿಗೆ ಯಾರೂ ಬರಲಿಲ್ಲ. 12,000 ಲೀಟರಿಗೆ 2,400 ಕೊಟ್ಟೆವು. ಬಂದ ನೀರು ಎಷ್ಟು ಗಡುಸಾಗಿತ್ತೆಂದರೆ ಕಂಡೆನ್ಸರ್ ಕೊಳವೆಗಳ ಒಳಗೆ ಬೆರಳಿನ ಉಗುರಿನಷ್ಟು ದಪ್ಪದ ಸುಣ್ಣದ ಪದರ ಕಟ್ಟಿಕೊಂಡು, ಆಸಿಡ್ ಹಾಯಿಸಿ ತೆಗೆಸಲು 1 ಲಕ್ಷ 85 ಸಾವಿರವಾಯಿತು. ಹಾಗೆ ಸುಣ್ಣ ಕಟ್ಟಿದ ಯಂತ್ರ 0.6ರಲ್ಲಿ ನಡೆಯುತ್ತದೆಯೇ ಎಂದು ಎಂಜಿನಿಯರ್ ಅವರೇ ಹೇಳಲಿ.

ಹವಾನಿಯಂತ್ರಣ ಎಂಜಿನಿಯರ್:
ನೀರಿನ ಗಡುಸು ತೆಗೆಯುವ ಸಾಫ್ಟನರನ್ನು ನೋಡಿಕೊಳ್ಳದೆ ಸುಣ್ಣ ಕಟ್ಟಿಸಿಕೊಂಡರೆ ಅದು ಯಂತ್ರದ ತಪ್ಪಲ್ಲ. ಟವರಿಗೆ ಎಸ್‌ಟಿಪಿಯ (ಕೊಳಚೆನೀರು ಶುದ್ಧೀಕರಣ ಘಟಕದ) ಶುದ್ಧೀಕರಿಸಿದ ನೀರನ್ನು ಕೊಡಬೇಕು, ಕುಡಿಯುವ ನೀರನ್ನು ಯಾರೂ ಕೇಳಿಲ್ಲ. 2024ರ ಏಪ್ರಿಲ್ ಕೊನೆಯಲ್ಲಿ ಊರಿನ ಉಷ್ಣಾಂಶ 38 ಡಿಗ್ರಿ ದಾಟಿದಾಗ ಏರ್ ಕೂಲ್ಡ್ ಯಂತ್ರಗಳು ಎಷ್ಟು ತಂಪು ಕೊಟ್ಟವು, ಮಧ್ಯಾಹ್ನ ಮೂರು ಗಂಟೆಯ ಗರಿಷ್ಠ ಬೇಡಿಕೆ ಎಷ್ಟು ಕೆವಿಎಗೆ ಏರಿತು, ಆ ಗರಿಷ್ಠ ಬೇಡಿಕೆಗೆ ಕಟ್ಟುವ ಡಿಮ್ಯಾಂಡ್ ಶುಲ್ಕ ಎಷ್ಟು ಬಂತು ಎಂಬುದನ್ನೂ ಬರೆಯಿರಿ. ಟ್ಯಾಂಕರಿನ ಬಿಲ್ಲು ಎರಡು ತಿಂಗಳದ್ದು, ಬೆಸ್ಕಾಂ ಬಿಲ್ಲು ಹನ್ನೆರಡು ತಿಂಗಳದ್ದು.

ನಿರ್ವಹಣಾ ವ್ಯವಸ್ಥಾಪಕರು:
ಎಸ್‌ಟಿಪಿಯ ನೀರು ಎಲ್ಲಿಂದ ಬರಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಕಚೇರಿಯಲ್ಲಿ ತಲೆಗೆ ದಿನಕ್ಕೆ 45 ಲೀಟರ್. 400 ಜನ ಕೂರುವ ಕಟ್ಟಡಕ್ಕೆ 160 ಜನ ಬಂದರೆ ಒಟ್ಟು 7,200 ಲೀಟರ್, ಅದರಲ್ಲಿ ಶುದ್ಧವಾಗಿ ಮರಳುವುದು ಇನ್ನೂ ಕಡಿಮೆ, ಅದರಲ್ಲೂ ಒಂದು ಪಾಲು ಫ್ಲಶ್ಶಿಗೆ ಬೇಕು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ: 400 ಜನರಿಗೆಂದು ಕಟ್ಟಿದ ಎಸ್‌ಟಿಪಿಗೆ ಅರ್ಧಕ್ಕಿಂತ ಕಡಿಮೆ ಕೊಳಚೆ ಬಂದರೆ ಒಳಗಿನ ಸೂಕ್ಷ್ಮಜೀವಿಗಳು ಆಹಾರವಿಲ್ಲದೆ ಸಾಯುತ್ತವೆ. ಸೋಮವಾರ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದರೆ ಬರುವ ವಾಸನೆಯನ್ನು ವಿನ್ಯಾಸದ ಕೋಣೆಯಲ್ಲಿ ಕೂರುವವರು ಒಮ್ಮೆ ಬಂದು ನೋಡಬೇಕು. ಬೆಲ್ಲ ಕಲಸಿ ಸುರಿದು ಜೀವಿಗಳನ್ನು ಉಳಿಸಿಕೊಂಡಿದ್ದೇವೆ. ಯಂತ್ರ ಮಾರುವವರಿಗೆ ಇದೆಲ್ಲ ಕಾಣಿಸುವುದಿಲ್ಲ.

ಹವಾನಿಯಂತ್ರಣ ಎಂಜಿನಿಯರ್:
ನಾನು ಯಂತ್ರ ಮಾರುವವನಲ್ಲ. ಆ ಮಾತನ್ನು ಹಿಂತೆಗೆದುಕೊಳ್ಳಿ. ಎಸ್‌ಟಿಪಿಯನ್ನೂ ಎರಡು ಸಣ್ಣ ಸಾಲುಗಳಾಗಿ ಕಟ್ಟಿದರೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸಬಹುದು ಎಂಬುದು ಚಿಲ್ಲರ್ ಬಗ್ಗೆ ನಾನು ಬರೆದ ಮಾತೇ ಆಗಿದೆ.

ಜಯನಗರದಲ್ಲಿ ವಿನ್ಯಾಸ ಕಚೇರಿ ಕಟ್ಟಿಸಿದವರು:
ಇಬ್ಬರೂ ಜಗಳವಾಡುತ್ತಿರುವುದು ಬೇಕಿಲ್ಲದ ಯಂತ್ರದ ಬಗ್ಗೆ. ಇಸಿಬಿಸಿಯ (ಕಟ್ಟಡಗಳ ಇಂಧನ ಉಳಿತಾಯ ಸಂಹಿತೆಯ) ವಿಂಗಡಣೆಯಲ್ಲಿ ಬೆಂಗಳೂರು ಸಮಶೀತೋಷ್ಣ ವಲಯದಲ್ಲಿದೆ, 900 ಮೀಟರಿಗಿಂತ ಎತ್ತರದಲ್ಲಿರುವ ಊರಿದು. ದೊಮ್ಮಲೂರಿನ ಟೆರಿ (ಇಂಧನ ಸಂಶೋಧನಾ ಸಂಸ್ಥೆ) ಕಟ್ಟಡವನ್ನು ಹೋಗಿ ನೋಡಿ. ಅದರ ದಕ್ಷಿಣಕ್ಕೆ ಕೊಳಚೆಯ ಕಾಲುವೆ ಇದ್ದುದರಿಂದ ಆ ಬದಿಗೆ ಬೆನ್ನು ಹಾಕಿಸಿ, ಕಪ್ಪು ಕಡಪಾ ಕಲ್ಲಿನ ಹೊದಿಕೆಯ ಎರಡು ಪದರದ ಗೋಡೆ ಎಬ್ಬಿಸಿದ್ದಾರೆ. ಬಿಸಿಲಿಗೆ ಕಲ್ಲು ಕಾದಂತೆ ಗೋಡೆಯ ನಡುವಿನ ಗಾಳಿ ಮೇಲೇರುತ್ತದೆ, ಆ ಸೆಳೆತಕ್ಕೆ ಉತ್ತರದ ಕಿಟಕಿಗಳಿಂದ ತಂಪು ಗಾಳಿ ಕಟ್ಟಡದ ಉದ್ದಕ್ಕೂ ಹಾದುಬರುತ್ತದೆ.

ನಮ್ಮದು 9,000 ಚದರಡಿ. ಪೊಳ್ಳು ಇಟ್ಟಿಗೆ ಗೋಡೆ, ಎರಡೂ ಬದಿಗೆ ಕಿಟಕಿ, ವಿದ್ಯುತ್ ಕಡಿಮೆ ಬಳಸುವ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳು. ಹವಾನಿಯಂತ್ರಣ ಇರುವುದು ಸರ್ವರ್ ಕೋಣೆಗೂ ಎರಡು ಸಭಾಕೋಣೆಗಳಿಗೂ ಮಾತ್ರ. ಖರ್ಚಾದದ್ದು ಸೊಳ್ಳೆಗಳಿಂದ: ಸ್ಟೀಲಿನ ಜಾಲರಿಗೆ 3 ಲಕ್ಷ 10 ಸಾವಿರ, ಜಾಲರಿ ಗಾಳಿಯನ್ನು ತಡೆಯಿತೆಂದು ಕಿಟಕಿಗಳನ್ನು ಅಗಲಿಸಲು ಮತ್ತೆ 4 ಲಕ್ಷ. ಅಷ್ಟಾದರೂ ನಮ್ಮ ವಿದ್ಯುತ್ ಬಿಲ್ಲನ್ನು ಅಕ್ಕಪಕ್ಕದ ಕಚೇರಿಗಳವರು ಕೇಳಿ ತಿಳಿದುಕೊಂಡು ಹೋಗುತ್ತಾರೆ.

ಬಾಡಿಗೆ ಕಚೇರಿಯ ಆಡಳಿತಾಧಿಕಾರಿ, ಬನಶಂಕರಿ:
ಸ್ವಂತದ ಸಣ್ಣ ಕಚೇರಿಗೆ ಅದು ಒಪ್ಪುತ್ತದೆ. ಕನಕಪುರ ರಸ್ತೆಯ ಬಸ್ಸುಗಳ ಹಾರ್ನಿಗೆ ಕಿಟಕಿ ತೆರೆದು ನಮ್ಮ ಹುಡುಗರು ವಿದೇಶದ ಗ್ರಾಹಕರೊಂದಿಗೆ ಮಾತನಾಡಲು ಸಾಧ್ಯವಿಲ್ಲ, ಧೂಳಿನ ಮಾತು ಹಾಗಿರಲಿ. ಆ ರಸ್ತೆಯಲ್ಲಿ ನಾನು ಮೊದಲು ಕೇಳುವುದು ಮೆಟ್ರೋ ನಿಲ್ದಾಣ ಎಷ್ಟು ದೂರ ಎಂಬುದನ್ನು. ಹಸಿರು ಮಾರ್ಗ 2021ರಲ್ಲೇ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ. ನಡೆದು ಬರುವ ಹಾದಿಯಿದ್ದರೆ ಎರಡನೆಯ ನೆಲಮಾಳಿಗೆಯ ಪಾರ್ಕಿಂಗನ್ನು ಅಗೆಯುವ ಮೊದಲು ಯೋಚಿಸಿ, ಅದರ ಹೊಗೆ ಎಳೆಯುವ ಫ್ಯಾನುಗಳ ಬಿಲ್ಲನ್ನು ಕಟ್ಟುವವರು ನಾವು.

ಜಯನಗರದವರು:
ನೀವು ಹೇಳುವ ಗದ್ದಲ ರಸ್ತೆಯ ಬದಿಯದು. ಹಿಂಬದಿಗೆ ಅಂಗಳ ಬಿಟ್ಟು ಕಿಟಕಿ ತೆರೆಯಿರಿ ಎಂದರೆ ಬಾಡಿಗೆಗೆ ಸಿಗುವ ಚದರಡಿ ಕಡಿಮೆಯಾಗುತ್ತದೆಂದು ಮಾಲೀಕರು ಒಪ್ಪುವುದಿಲ್ಲ, ನೀವು ಅದಕ್ಕೆ ಹೆಚ್ಚು ಬಾಡಿಗೆ ಕೊಡುವುದಿಲ್ಲ. ಆಮೇಲೆ ಹವಾಮಾನದ ಮೇಲೆ ತಪ್ಪು ಹೊರಿಸುತ್ತೀರಿ.

ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಸಂಸ್ಥೆ ನಡೆಸುವವರು:
42 ಲಕ್ಷದ ಬಿಎಂಎಸ್ ಎಂದಾಗ ನನಗೆ ಸಂಕಟವಾಗುತ್ತದೆ, ನಾವು ಕೊಟ್ಟಿದ್ದು 61 ಲಕ್ಷ. ನಿಯಂತ್ರಕಗಳು ಎಲ್ಲ ಕಂಪನಿಗಳ ಯಂತ್ರಗಳಿಗೂ ಸಾಮಾನ್ಯವಾದ ಬ್ಯಾಕ್‌ನೆಟ್ ಭಾಷೆ ಮಾತನಾಡುತ್ತವೆ ಎಂದು ಮಾರಾಟದವರು ಹೇಳಿದ್ದು ನಿಜ; ಆದರೆ ಅವುಗಳನ್ನು ಬದಲಿಸುವ ತಂತ್ರಾಂಶವನ್ನೂ ಪಾಸ್‌ವರ್ಡನ್ನೂ ತಮ್ಮಲ್ಲೇ ಇಟ್ಟುಕೊಂಡರು. ವೇಳಾಪಟ್ಟಿಯಲ್ಲಿ ಒಂದು ರಜೆಯನ್ನು ಸೇರಿಸಲೂ ಅವರ ಎಂಜಿನಿಯರ್ ಬರಬೇಕು, ಬಂದರೆ 8,500. ವಾರ್ಷಿಕ ನಿರ್ವಹಣೆ 4 ಲಕ್ಷ 20 ಸಾವಿರದಿಂದ ಆರಂಭವಾಗಿ ಪ್ರತಿ ವರ್ಷ ಏರುತ್ತಿದೆ. ನಾಲ್ಕನೆಯ ಮಹಡಿಯವರು ಸೆಖೆಯೆಂದು ದೂರಿದಾಗ ಕಂಪ್ಯೂಟರ್ ಪರದೆಯಲ್ಲಿ ವಾಲ್ವು 40 ಶೇಕಡಾ ತೆರೆದಿದೆ ಎಂದು ಹಸಿರು ಅಂಕಿ ತೋರುತ್ತಿತ್ತು. ಸೀಲಿಂಗಿನ ಹಲಗೆ ಸರಿಸಿ ನೋಡಿದರೆ ವಾಲ್ವನ್ನು ತಿರುಗಿಸುವ ಆಕ್ಚುಯೇಟರ್ ಅದರ ದಂಡದಿಂದ ಕಳಚಿ, ತನ್ನ ತಂತಿಗೆ ಜೋತುಬಿದ್ದು, ತಿರುಗುತ್ತಲೇ ಇತ್ತು. ಅದರ ಬಳಿಕ ನಮ್ಮ ಆಪರೇಟರ್ ಎಲ್ಲವನ್ನೂ ಮ್ಯಾನ್ಯುವಲ್‌ಗೆ ಹಾಕಿ ಕೈಯಿಂದಲೇ ನಡೆಸುತ್ತಿದ್ದಾರೆ.

ಪಂಪಿನ ವಿಎಫ್‌ಡಿ, ಮಹಡಿಗೊಂದು ವಿದ್ಯುತ್ ಮೀಟರು, ತಾಜಾ ಗಾಳಿಯ ಫ್ಯಾನಿಗೆ ಇಂಗಾಲದ ಡೈಆಕ್ಸೈಡ್ ಸೆನ್ಸರು, ಇಷ್ಟಕ್ಕೆ 42 ಲಕ್ಷ ಬೇಕಾಗುವುದಿಲ್ಲ. ತಂತ್ರಾಂಶದ ಪರವಾನಗಿ, ಪಾಸ್‌ವರ್ಡ್, ಪ್ರೋಗ್ರಾಂ ಪ್ರತಿ ಮಾಲೀಕರ ಕೈಸೇರುವವರೆಗೆ ಕೊನೆಯ ಕಂತನ್ನು ಬಿಡುಗಡೆ ಮಾಡಬೇಡಿ.

ಮಹದೇವಪುರದ ವಿದ್ಯುತ್ ಗುತ್ತಿಗೆದಾರರು:
ಸೆನ್ಸರಿನ ಮಾತಿಗೆ ಮೊದಲು ಎಚ್‌ಟಿ (ಹೆಚ್ಚಿನ ವೋಲ್ಟೇಜಿನ) ಪ್ಯಾನೆಲನ್ನು ನೆಲಮಾಳಿಗೆಯಿಂದ ಮೇಲಕ್ಕೆ ತನ್ನಿ. 2022ರ ಸೆಪ್ಟೆಂಬರಿನ ಮಳೆಗೆ ನಮ್ಮ ಕಡೆಯ ನೆಲಮಾಳಿಗೆಗಳಲ್ಲಿ ನೀರು ನಿಂತಾಗ, ಪ್ಯಾನೆಲು, ಯುಪಿಎಸ್, ಬ್ಯಾಟರಿಗಳೆಲ್ಲ ಮುಳುಗಿದ ಒಂದು ಕಟ್ಟಡದಲ್ಲಿ ನಾನೇ ಕೆಲಸ ಮಾಡಿದ್ದೇನೆ. ಪ್ಯಾನೆಲಿಗೇ 27 ಲಕ್ಷವಾಯಿತು, ಅದು ಬರುವವರೆಗೆ ಬಾಡಿಗೆ ಜನರೇಟರಿನ ಡೀಸೆಲ್ ಪ್ರತ್ಯೇಕ. ಅದೇ ಕಟ್ಟಡದ ಸ್ವಾಗತಕಕ್ಷೆಯಲ್ಲಿ ಹಸಿರು ಕಟ್ಟಡದ ಪ್ರಮಾಣಪತ್ರ ತೂಗುತ್ತಿತ್ತು.

ಜಯನಗರದವರು:
ಪ್ರಮಾಣಪತ್ರಕ್ಕೂ ನೆಲಮಾಳಿಗೆಯ ನೀರಿಗೂ ಸಂಬಂಧವಿಲ್ಲ. ಐಜಿಬಿಸಿ, ಗೃಹ ಎಂಬ ಹಸಿರು ಕಟ್ಟಡ ಪ್ರಮಾಣಪತ್ರಗಳ ಪಟ್ಟಿಗಳನ್ನು ಮುಂದಿಟ್ಟುಕೊಂಡದ್ದರಿಂದಲೇ ನಮ್ಮ ಗುತ್ತಿಗೆದಾರರಿಂದ ಕೆಲವು ಕೆಲಸಗಳನ್ನು ಮಾಡಿಸಲು ಸಾಧ್ಯವಾಯಿತು.

ವಿದ್ಯುತ್ ಗುತ್ತಿಗೆದಾರರು:
ಬಿಇಇಯವರ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯವರ) ನಕ್ಷತ್ರಗಳನ್ನು ನಾನು ಒಪ್ಪುತ್ತೇನೆ. ಅದರಲ್ಲಿ ಚದರ ಮೀಟರಿಗೆ ವರ್ಷಕ್ಕೆ ನಿಜವಾಗಿ ಎಷ್ಟು ಯೂನಿಟ್ ಸುಟ್ಟಿರಿ ಎಂಬುದನ್ನು ಅಳೆಯುತ್ತಾರೆ. ನಕ್ಷೆಯ ಮೇಲೆ ಕೊಡುವ ಅಂಕಗಳ ಬಗ್ಗೆ ನನ್ನ ಮಾತು ಹಾಗೆಯೇ ಇರಲಿ.

ವೈಟ್‌ಫೀಲ್ಡ್‌ನ ಕಟ್ಟಡ ಮಾಲೀಕರು:
ಇಷ್ಟೆಲ್ಲ ಹಾಕಿಸಿದರೂ ಉಳಿತಾಯ ಯಾರ ಜೇಬಿಗೆ ಹೋಗುತ್ತದೆ ಎಂಬುದನ್ನು ಯಾರೂ ಎತ್ತಲಿಲ್ಲ. ತಂಪಿನ ಖರ್ಚನ್ನು ಚದರಡಿಗೆ ಇಷ್ಟೆಂದು ನಿರ್ವಹಣಾ ಶುಲ್ಕದಲ್ಲಿ ಸೇರಿಸಿದ್ದಾಗ ನನ್ನ ಬಾಡಿಗೆದಾರರು ಶನಿವಾರ ಖಾಲಿ ಮಹಡಿಯಲ್ಲೂ ಯಂತ್ರ ನಡೆಸುತ್ತಿದ್ದರು. ನಾನು ಉಳಿಸಲು ಹೊರಟರೆ ಅವರು ಸುರಿಯಲು ಹೊರಡುತ್ತಿದ್ದರು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಮಹಡಿಗೊಂದು ಬಿಟಿಯು ಮೀಟರ್ (ಬಳಸಿದ ತಂಪನ್ನು ಅಳೆಯುವುದು) ಹಾಕಿಸಿ, ಬಳಸಿದಷ್ಟಕ್ಕೆ ಬಿಲ್ಲು ಕೊಟ್ಟ ತಿಂಗಳಿನಿಂದಲೇ ಶನಿವಾರದ ಓಟ ನಿಂತಿತು. ಪ್ರತಿ ಮೀಟರಿಗೆ 1 ಲಕ್ಷ 15 ಸಾವಿರವಾಯಿತು, ಕೊಳವೆ ಕಡಿದು ಜೋಡಿಸಿದ್ದು ಸೇರಿ. ಕಟ್ಟುವಾಗಲೇ ಹಾಕಿದ್ದರೆ ಅರ್ಧವೂ ಆಗುತ್ತಿರಲಿಲ್ಲ.

ಆಡಳಿತಾಧಿಕಾರಿ, ಬನಶಂಕರಿ:
ಮೀಟರ್ ಹಾಕಿದ ಮಾಲೀಕರು ಯೂನಿಟ್ಟಿಗೆ ತಮ್ಮ ಲಾಭವನ್ನೂ ಸೇರಿಸಿ ಬಿಲ್ಲು ಮಾಡುತ್ತಾರೆ, ಅದನ್ನೂ ಬರೆಯಿರಿ. ನಮ್ಮ ಹಿಂದಿನ ಕಟ್ಟಡದಲ್ಲಿ ಸಂಜೆ ಏಳರ ನಂತರ ಒಬ್ಬರು ಕುಳಿತರೂ ಇಡೀ ಮಹಡಿಯ ತಂಪಿಗೆ ಗಂಟೆಗೆ 1,800 ರೂಪಾಯಿ ಹಾಕುತ್ತಿದ್ದರು, ಏಕೆಂದರೆ ಮಹಡಿಯನ್ನು ವಿಭಾಗಗಳಾಗಿ ಒಡೆದಿರಲೇ ಇಲ್ಲ. ಪ್ರಶ್ನೆ ಕೇಳಿದವರು ಪ್ರತಿ ಮಹಡಿಯನ್ನು ಕನಿಷ್ಠ ನಾಲ್ಕು ವಲಯಗಳಾಗಿ ಒಡೆದು, ವಲಯಕ್ಕೊಂದು ವಾಲ್ವು ಇಡಿಸಲಿ. ಬೆಸ್ಕಾಂ ಬಿಲ್ಲಿನ ಪ್ರತಿಯನ್ನು ಪ್ರತಿ ತಿಂಗಳೂ ಬಾಡಿಗೆದಾರರಿಗೆ ಕೊಡುವುದಾಗಿ ಕರಾರಿನಲ್ಲೇ ಬರೆದುಕೊಟ್ಟರೆ, ಹವಾನಿಯಂತ್ರಣಕ್ಕೆ ಮೀಟರಿನಂತೆ ಕಟ್ಟಲು ನಮ್ಮಂಥವರು ಒಪ್ಪುತ್ತೇವೆ.