ಮತ್ತಾಯನ 14-14-14 ಲೆಕ್ಕ 41ಕ್ಕೇ ನಿಲ್ಲುವುದೇಕೆ? ಲೂಕನ ವಂಶಾವಳಿ ಬೇರೆಯಾಗಿರುವುದೇಕೆ?

ಹಳೆಯೋಲೆ (ಪ್ರಶ್ನೆ):
ಬೈಬಲ್ ಅಧ್ಯಯನದ ಗುಂಪಿಗೆ ಮತ್ತಾಯ 1ನೇ ಅಧ್ಯಾಯ ವಿವರಿಸಬೇಕಿದೆ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಗಳು, ದಾವೀದನಿಂದ ಬಾಬೆಲಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14 ಎಂದು 17ನೇ ವಚನದಲ್ಲಿದೆ. ಒಂದೊಂದೇ ಹೆಸರು ಎಣಿಸಿದರೆ ಸಿಗುವುದು 41. ಲೂಕ 3ನೇ ಅಧ್ಯಾಯದಲ್ಲಂತೂ ದಾವೀದನಿಂದ ಈಚೆಗೆ ಪಟ್ಟಿಯೇ ಬೇರೆ. ಯೋಸೇಫನ ತಂದೆ ಇಲ್ಲಿ ಯಾಕೋಬ, ಅಲ್ಲಿ ಹೇಲಿ. ‘ಲೂಕನದು ಮರಿಯಳ ವಂಶ’ ಎಂದರೆ ಸಾಕೇ? ಇನ್ನೊಂದು ಮಾತು, ಯೋಸೇಫ ಹೆತ್ತ ತಂದೆಯಲ್ಲ ಎಂದಮೇಲೆ ಅವನ ವಂಶ ಯೇಸುವಿಗೆ ಹೇಗೆ ಸಲ್ಲುತ್ತದೆ?

ಎಣಿಕೆಮಣೆ:
ಮೊದಲು ಎಣಿಕೆ. ಅಬ್ರಹಾಮನಿಂದ ದಾವೀದನವರೆಗೆ ಸರಿಯಾಗಿ 14. ಸೊಲೊಮೋನನಿಂದ, ಸೆರೆಯ ಕಾಲದ ರಾಜ ಯೆಕೊನ್ಯನವರೆಗೆ 14. ಶೆಯಲ್ತಿಯೇಲನಿಂದ ಯೇಸುವಿನವರೆಗೆ 13. ಕೊರತೆ ಬೀಳುವುದು ಮೂರನೆಯ ಕಂತಿನಲ್ಲಿ. ಆದರೆ 17ನೇ ವಚನವನ್ನು ಅದು ಇರುವಂತೆಯೇ ಓದಿ: ಮೊದಲ ಕಂತು ಮುಗಿಯುವುದೂ ದಾವೀದನಲ್ಲಿ, ಎರಡನೆಯದು ಶುರುವಾಗುವುದೂ ದಾವೀದನಿಂದ. ಅವನನ್ನು ಎರಡು ಸಲ ಹಿಡಿದರೆ ಎರಡನೆಯ ಕಂತು ದಾವೀದನಿಂದ ಯೋಷೀಯನವರೆಗೆ 14, ಮೂರನೆಯದು ಯೆಕೊನ್ಯನಿಂದ ಯೇಸುವಿನವರೆಗೆ 14. ಯೆಕೊನ್ಯನನ್ನೇ ಎರಡು ಸಲ ಎಣಿಸುವವರೂ ಇದ್ದಾರೆ, 11 ಮತ್ತು 12ನೇ ವಚನಗಳೆರಡರಲ್ಲೂ ಅವನ ಹೆಸರಿರುವುದರಿಂದ. ನನಗೆ ದಾವೀದನ ದಾರಿಯೇ ಹೆಚ್ಚು ಸರಿ ಅನಿಸುತ್ತದೆ, ಏಕೆಂದರೆ ಇಡೀ ಪಟ್ಟಿ ನಿಂತಿರುವುದೇ ಅವನ ಮೇಲೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳೂ ಹೌದು, ಅವನ ಹೆಸರಿಗೆ ಮೂರೇ ಅಕ್ಷರ: ದಾಲೆತ್ 4, ವಾವ್ 6, ದಾಲೆತ್ 4. ಕೂಡಿದರೆ 14.

ಈ ಲೆಕ್ಕ ಕೂಡಿಬರಲಿ ಎಂದು ಮತ್ತಾಯ ಕೆಲವು ರಾಜರನ್ನು ಬಿಟ್ಟಿದ್ದಾನೆ. ಅವನ ಪಟ್ಟಿಯ ಪಕ್ಕದಲ್ಲಿ 1 ಪೂರ್ವಕಾಲವೃತ್ತಾಂತ 3:11-16 ಇಟ್ಟು ನೋಡಿ. ಯೋರಾಮನಿಗೂ ಉಜ್ಜೀಯನಿಗೂ ನಡುವೆ ಅಹಜ್ಯ, ಯೋವಾಷ, ಅಮಚ್ಯ ಮೂವರೂ ಇಲ್ಲ. ಯೋಷೀಯನಿಗೂ ಯೆಕೊನ್ಯನಿಗೂ ನಡುವೆ ಯೆಹೋಯಾಕೀಮನಿಲ್ಲ. ಹೀಬ್ರೂವಿನಲ್ಲಿ ‘ಮಗ’ ಎಂದರೆ ಮೊಮ್ಮಗ, ಮರಿಮಗನೂ ಆಗಬಹುದು. ‘ಪಡೆದನು’ ಎಂಬುದಕ್ಕೂ ಅದೇ ಹರವು. ಹಾಗಾಗಿ ಇದು ಸುಳ್ಳಲ್ಲ, ಆಯ್ಕೆ. ಗುಂಪಿನಲ್ಲಿ ‘ತಪ್ಪಿಲ್ಲ, ಎಲ್ಲ ಹೆಸರೂ ಇದೆ’ ಎಂದು ಮಾತ್ರ ಹೇಳಬೇಡಿ. ಯಾರಾದರೂ ಹಳೆ ಒಡಂಬಡಿಕೆ ತೆರೆದರೆ ಆ ಮಾತು ಅಲ್ಲೇ ಬೀಳುತ್ತದೆ.

ಸಾಲುದೀಪ:
ಎರಡು ಪಟ್ಟಿಗಳ ಬಗ್ಗೆ. ಅಬ್ರಹಾಮನಿಂದ ದಾವೀದನವರೆಗೆ ಎರಡೂ ಹೆಚ್ಚುಕಡಿಮೆ ಒಂದೇ. ಅಲ್ಲಿಂದ ಮತ್ತಾಯ ಸೊಲೊಮೋನನ ಕವಲು ಹಿಡಿಯುತ್ತಾನೆ, ಲೂಕ ದಾವೀದನ ಇನ್ನೊಬ್ಬ ಮಗ ನಾತಾನನ ಕವಲು. ಶೆಯಲ್ತಿಯೇಲ ಮತ್ತು ಜೆರುಬ್ಬಾಬೆಲರಲ್ಲಿ ಎರಡೂ ಕೂಡಿ, ಮತ್ತೆ ಅಗಲಿ, ಯೋಸೇಫನಲ್ಲಿ ಸೇರುತ್ತವೆ. ದಾವೀದನನ್ನೂ ಸೇರಿಸಿ ಯೇಸುವಿನವರೆಗೆ ಮತ್ತಾಯನಲ್ಲಿ 28 ಹೆಸರು, ಲೂಕನಲ್ಲಿ 43. ಜೆರುಬ್ಬಾಬೆಲನ ಕಾಲ ಕ್ರಿ.ಪೂ. 520ರ ಆಸುಪಾಸು. ಅಲ್ಲಿಂದ ಯೇಸುವಿನವರೆಗೆ 500 ವರ್ಷಕ್ಕೂ ಮೇಲೆ. ಮತ್ತಾಯನ 11 ಅಂತರಗಳಿಗೆ ಹಂಚಿದರೆ ತಲೆಮಾರಿಗೆ 45 ವರ್ಷ ದಾಟುತ್ತದೆ. ಲೂಕನ 20 ಅಂತರಗಳಿಗೆ 25ರ ಮೇಲೆ. ಮತ್ತಾಯ ಇಲ್ಲಿಯೂ ಹೆಸರು ಬಿಟ್ಟಿರಬೇಕು ಎಂಬ ಊಹೆಗೆ ಇದು ಬಲ ಕೊಡುತ್ತದೆ.

ಯಾಕೋಬ ಮತ್ತು ಹೇಲಿಯ ಪ್ರಶ್ನೆಗೆ ತೀರ ಹಳೆಯ ಉತ್ತರ ಮೂರನೆಯ ಶತಮಾನದ ಕ್ರೈಸ್ತ ಲೇಖಕ ಜೂಲಿಯಸ್ ಆಫ್ರಿಕಾನಸ್‌ನದು. ಅದನ್ನು ಯೂಸೇಬಿಯಸ್ ತನ್ನ ಸಭಾ ಇತಿಹಾಸದಲ್ಲಿ ಉಳಿಸಿಕೊಟ್ಟಿದ್ದಾನೆ. ಯಾಕೋಬ, ಹೇಲಿ ಒಂದೇ ತಾಯಿಯ ಮಕ್ಕಳು, ತಂದೆಯರು ಬೇರೆ. ಹೇಲಿ ಮಕ್ಕಳಿಲ್ಲದೆ ಸತ್ತಾಗ ಧರ್ಮೋಪದೇಶಕಾಂಡ 25:5-6ರ ಮೈದುನ ಧರ್ಮದಂತೆ ಯಾಕೋಬ ಅವನ ಹೆಂಡತಿಯನ್ನು ಮದುವೆಯಾಗಿ ಯೋಸೇಫನನ್ನು ಪಡೆದ. ಹೆತ್ತವನು ಯಾಕೋಬ, ಧರ್ಮಶಾಸ್ತ್ರದ ಲೆಕ್ಕದಲ್ಲಿ ತಂದೆ ಹೇಲಿ.

‘ಮರಿಯಳ ವಂಶ’ ಎಂಬ ವಾದದ ಆಧಾರ ಇಷ್ಟು: ಲೂಕನ ಗ್ರೀಕ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆಯೂ ‘ತೂ’ ಎಂಬ ಉಪಪದವಿದೆ, ಯೋಸೇಫನ ಮುಂದೆ ಮಾತ್ರ ಇಲ್ಲ. ಆದ್ದರಿಂದ ‘ಯೋಸೇಫನ ಮಗನೆಂದು ಜನರು ಎಣಿಸಿದ’ ಎಂಬುದನ್ನು ಆವರಣದೊಳಗಿನ ಮಾತಾಗಿ ಓದಿ, ಯೇಸುವನ್ನು ನೇರವಾಗಿ ಹೇಲಿಗೆ ಸೇರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ತೆಳುವಾದ ದಾರ. ಲೂಕ ಆ ಪಟ್ಟಿಯಲ್ಲಿ ಮರಿಯಳ ಹೆಸರನ್ನೇ ಎತ್ತುವುದಿಲ್ಲ. 1:27, 2:4ರಲ್ಲಿ ದಾವೀದನ ಮನೆತನದವನೆಂದು ಕರೆಯುವುದು ಯೋಸೇಫನನ್ನು. ಮರಿಯಳ ಬಂಧು ಎಲಿಸಬೇತಳೋ ಆರೋನನ ವಂಶದವಳು. ಈ ವಾದವನ್ನು ಒಂದು ಸಾಧ್ಯತೆಯಾಗಿ ಹೇಳಿ, ತೀರ್ಪಾಗಿ ಬೇಡ.

ಮೂಲಪಾಠ:
ಕೊನೆಯ ಪ್ರಶ್ನೆಗೆ ಉತ್ತರ 16ನೇ ವಚನದ ಒಂದು ಕ್ರಿಯಾಪದದಲ್ಲಿದೆ. ಅಲ್ಲಿಯವರೆಗೆ ಎಲ್ಲ ಕಡೆ ‘ಎಗೆನ್ನೆಸೆನ್’, ಅಂದರೆ ‘ಪಡೆದನು’. ಅಬ್ರಹಾಮನು ಇಸಾಕನನ್ನು ಪಡೆದನು, ಇಸಾಕನು ಯಾಕೋಬನನ್ನು ಪಡೆದನು, ಹೀಗೇ ಯೋಸೇಫನವರೆಗೆ. ಅವನ ಹತ್ತಿರ ಬಂದಾಗ ವಾಕ್ಯ ಮಗ್ಗುಲಾಗುತ್ತದೆ: ‘ಮರಿಯಳ ಗಂಡನಾದ ಯೋಸೇಫನನ್ನು ಪಡೆದನು’, ಆಮೇಲೆ ‘ಎಗೆನ್ನೆಥೆ’, ‘ಹುಟ್ಟಿದನು’. ‘ಯಾರಿಂದ’ ಎಂಬಲ್ಲಿ ಗ್ರೀಕ್ ಸರ್ವನಾಮ ಸ್ತ್ರೀಲಿಂಗ, ಏಕವಚನ. ಮರಿಯಳೊಬ್ಬಳೇ. ಗುಂಪಿನಲ್ಲಿ ಈ ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ. ‘ಪಡೆದನು’ ‘ಪಡೆದನು’ ಎಂದು ಬರುತ್ತಿದ್ದ ಲಯ ಅಲ್ಲಿ ಮುರಿಯುವುದು ಕಿವಿಗೇ ತಿಳಿಯುತ್ತದೆ. ಅದಕ್ಕೂ ಮೊದಲು ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ ಎಂದು ನಾಲ್ವರು ಹೆಂಗಸರು ಬಂದುಹೋಗಿರುತ್ತಾರೆ. ಮತ್ತಾಯ ಓದುಗನನ್ನು ಮೊದಲೇ ಸಿದ್ಧಮಾಡುತ್ತಿದ್ದಾನೆ.

ಹಾಗಾದರೆ ದಾವೀದನ ವಂಶ ಹೇಗೆ? 1:20ರಲ್ಲಿ ದೂತನು ಯೋಸೇಫನನ್ನು ‘ದಾವೀದನ ವಂಶದವನೇ’ ಎಂದು ಕರೆಯುತ್ತಾನೆ, 21ರಲ್ಲಿ ‘ನೀನು ಅವನಿಗೆ ಯೇಸು ಎಂದು ಹೆಸರಿಡಬೇಕು’ ಎನ್ನುತ್ತಾನೆ, 25ರಲ್ಲಿ ಯೋಸೇಫ ಹೆಸರಿಡುತ್ತಾನೆ. ಹೆಸರಿಟ್ಟದ್ದೇ ಮಗನೆಂದು ಒಪ್ಪಿಕೊಂಡದ್ದು. ‘ಇವನು ನನ್ನ ಮಗ’ ಎಂದವನ ಮಾತನ್ನು ನಂಬಬೇಕೆಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲೂ ಇದೆ (ಬಾಬಾ ಬತ್ರಾ 8:6). ಆದ್ದರಿಂದ 18-25ನೇ ವಚನಗಳನ್ನು ಬೇರೆ ಪಾಠ ಮಾಡಬೇಡಿ. 16ನೇ ವಚನ ಎಬ್ಬಿಸಿದ ಪ್ರಶ್ನೆಗೆ ಅವೇ ಉತ್ತರ.

ಹಳೆಯೋಲೆ:
ಹಾಗಾದರೆ ಯೆರೆಮೀಯ 22:30? ಯೆಕೊನ್ಯನ ಸಂತಾನದಲ್ಲಿ ಯಾರೂ ದಾವೀದನ ಸಿಂಹಾಸನದಲ್ಲಿ ಕೂರುವುದಿಲ್ಲ ಎಂದಿದೆಯಲ್ಲ.

ಮೂಲಪಾಠ:
ಅದರ ಜೊತೆಗೇ ಹಗ್ಗಾಯ 2:23 ಓದಿ. ಯೆರೆಮೀಯ 22:24ರಲ್ಲಿ ದೇವರು ಯೆಕೊನ್ಯನನ್ನು ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತೆಸೆಯುತ್ತೇನೆ ಎನ್ನುತ್ತಾನೆ. ಅವನ ಮೊಮ್ಮಗ ಜೆರುಬ್ಬಾಬೆಲನಿಗೆ ಹಗ್ಗಾಯನ ಮೂಲಕ ಹೇಳುವುದು ‘ನಿನ್ನನ್ನು ಮುದ್ರೆಯುಂಗುರವನ್ನಾಗಿ ಮಾಡುವೆನು’ ಎಂದು. ಅದೇ ಉಂಗುರ. ಮತ್ತಾಯನ 12ನೇ ವಚನದಲ್ಲಿ ಆ ಇಬ್ಬರ ನಡುವೆ ಇರುವುದು ಒಂದೇ ಹೆಸರು, ಶೆಯಲ್ತಿಯೇಲ.