ಪದಚರ್ಚೆ: ‘ಎಂವಿ’, ‘ರಿನೇಮ್’ ಮತ್ತು ‘ಹೈಫನ್ ಎನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಲಿನಕ್ಸ್ ಕಮಾಂಡ್ ಲೈನಿನಲ್ಲಿ ರಾಶಿ ಫೈಲುಗಳ ಹೆಸರನ್ನು ಒಂದೇ ಏಟಿಗೆ ಬದಲಿಸುವ ಬಗ್ಗೆ ಚಿಕ್ಕದೊಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

‘ಎಂವಿ’ ಅಂದರೆ ‘ಮೂವ್’. ಫೋಲ್ಡರಿನಿಂದ ಫೋಲ್ಡರಿಗೆ ಕಳಿಸುವಾಗ ‘ಸರಿಸು’ ಒಪ್ಪುತ್ತದೆ. ಇದ್ದಲ್ಲೇ ಇರುವ ಫೈಲಿಗೆ ಹೊಸ ಹೆಸರಿಡಲೂ ಇದೇ ಕಮಾಂಡು. ಆಗ ಫೈಲಿನೊಳಗಿನ ಮಾಹಿತಿ ಕದಲುವುದೇ ಇಲ್ಲ, ಡೈರೆಕ್ಟರಿಯಲ್ಲಿರುವ ನಮೂದು ಮಾತ್ರ ಬದಲಾಗುತ್ತದೆ. ಅದಕ್ಕೇ ನಾನು ‘ಹೆಸರು ಬದಲಿಸು’ ಅಂತ ಬರೆದಿದ್ದೇನೆ. ಮೆನುಗಳಲ್ಲಿ ‘ಮರುಹೆಸರಿಸು’ ಕಾಣುತ್ತದೆ ನಿಜ, ಆದರೆ ಮಾತಾಡುವಾಗ ಯಾರೂ ಹಾಗನ್ನುವುದಿಲ್ಲ, ಅಲ್ವಾ? ‘ಸಾಮೂಹಿಕ ಮರುನಾಮಕರಣ’ವಂತೂ ಬೇಡವೇ ಬೇಡ. ಚಪ್ಪರ, ತೊಟ್ಟಿಲು ಎಲ್ಲ ಕಣ್ಣ ಮುಂದೆ ಬರುತ್ತವೆ.

ನಿಜವಾದ ತೊಡಕು ಕಮಾಂಡಿನ ಜೊತೆ ಕೊಡುವ ‘ಹೈಫನ್ ಎನ್’ ಎಂಬ ಆಯ್ಕೆಯದು. ರಾಶಿ ಹೆಸರುಗಳನ್ನು ಬದಲಿಸಲೆಂದೇ ಇರುವ ಕಮಾಂಡು ‘ರಿನೇಮ್’. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಸಿಗುವ, ಪರ್ಲ್ ಭಾಷೆಯಲ್ಲಿ ಬರೆದ ‘ರಿನೇಮ್’ಗೆ ಈ ಆಯ್ಕೆ ಕೊಟ್ಟರೆ ಯಾವ ಹೆಸರು ಏನಾಗಲಿದೆ ಎಂದು ತೋರಿಸುತ್ತದೆ, ಅಷ್ಟೇ. ಏನನ್ನೂ ಮುಟ್ಟುವುದಿಲ್ಲ. (ಫೆಡೋರಾದ ‘ರಿನೇಮ್’ ಬೇರೆಯದು. ಅಲ್ಲಿ ಪಟ್ಟಿ ಕಾಣಬೇಕಾದರೆ ‘ಹೈಫನ್ ವಿ’ಯನ್ನೂ ಸೇರಿಸಬೇಕು.) ಅದೇ ಅಕ್ಷರವನ್ನು ‘ಎಂವಿ’ಗೆ ಕೊಟ್ಟರೆ ಅರ್ಥವೇ ಬೇರೆ: ಆ ಹೆಸರಿನ ಫೈಲು ಮೊದಲೇ ಇದ್ದರೆ ಅದರ ಮೇಲೆ ಬರೆಯಬೇಡ. ಮಿಕ್ಕ ಫೈಲುಗಳ ಹೆಸರು ನಿಜವಾಗಿಯೇ ಬದಲಾಗಿಬಿಡುತ್ತದೆ. ಎರಡಕ್ಕೂ ‘ಬೇಡ’ ಅಂತ ಒಂದೇ ಪದ ಹಾಕಿದರೆ, ಸುಮ್ನೆ ನೋಡೋಣ ಅಂತ ಎಂಟರ್ ಒತ್ತಿದವರ ಗತಿ ಏನು?

‘ಎಂವಿ’ಯದಕ್ಕೆ ‘ಮೇಲೆ ಬರೆಯಬೇಡ’ ಸಾಕು. ‘ರಿನೇಮ್’ನದಕ್ಕೆ? ‘ಪರೀಕ್ಷಾರ್ಥ ಚಾಲನೆ’ ಅಂದರೆ ಮೆಟ್ರೋ ಸುದ್ದಿ ಓದಿದಂತಾಗುತ್ತದೆ, ಮೇಲಾಗಿ ಅಲ್ಲಿ ರೈಲು ನಿಜಕ್ಕೂ ಓಡುತ್ತದೆ. ನಾಟಕದವರ ‘ತಾಲೀಮು’ ನನಗೆ ಜಾಸ್ತಿ ಇಷ್ಟ. ಆದರೆ ತಾಲೀಮಿನಲ್ಲೂ ನಟರು ಆಡಿ ತೋರಿಸುತ್ತಾರೆ, ಇಲ್ಲಿ ಕಮಾಂಡು ಬರೀ ಹೇಳುತ್ತದೆ. ಸದ್ಯಕ್ಕೆ ‘ಮಾಡದೆ ತೋರಿಸು’ ಅಂತ ಇಟ್ಟುಕೊಂಡಿದ್ದೇನೆ. ಆಯ್ಕೆಯ ಹೆಸರಿಗೆ ಇದು ಉದ್ದವಾಯಿತೇ?

ಇನ್ನೊಂದು ಸಣ್ಣದು. ‘ಯಾವ ಹೆಸರಾದರೂ ಸರಿ’ ಎನ್ನಲು ಸ್ಟಾರ್ ಚಿಹ್ನೆ ಹಾಕಿದರೆ ಅದನ್ನು ‘ಎಂವಿ’ ನೋಡುವುದೇ ಇಲ್ಲ. ನಾವು ಟೈಪ್ ಮಾಡಿದ ಕಮಾಂಡನ್ನು ಓದಿ ನಡೆಸುವ ‘ಶೆಲ್’ ಮೊದಲೇ ಅದನ್ನು ಫೈಲುಗಳ ಪಟ್ಟಿಯಾಗಿ ಮಾಡಿ ಕೊಡುತ್ತದೆ. ಎಲ್ಲ ಫೈಲುಗಳ ಹೆಸರಿನ ಕೊನೆಯಲ್ಲಿರುವ ‘ಜೆಪಿಇಜಿ’ಯನ್ನು ಒಂದೇ ‘ಎಂವಿ’ಯಲ್ಲಿ ‘ಜೆಪಿಜಿ’ ಮಾಡಲು ಆಗದಿರುವುದು ಇದರಿಂದಲೇ. ಶೆಲ್ ಮಾಡುವ ಈ ಕೆಲಸಕ್ಕೆ ‘ವಿಸ್ತರಿಸು’ ಬದಲು ‘ಬಿಡಿಸು’ ಅನ್ನಬಹುದೇ? ‘ಬಿಡಿಸು’ವಿಗೆ ಚಿತ್ರ ಬರೆಯುವ ಅರ್ಥವೂ ಇರುವುದರಿಂದ ಸ್ವಲ್ಪ ಅನುಮಾನ.